ಕಲ್ಲು, ಪಂಜ, ಶಿಲುಬೆ: ವಿಗ್ರಹಾರಾಧನೆಯೆಂಬ ಆರೋಪದ ವಿಮರ್ಶೆ

ಇಸ್ಲಾಮನ್ನು ಕುರಿತ ನಮ್ಮ ಬೋಧನೆಗಳಲ್ಲಿಯೂ ಕರಪತ್ರಗಳಲ್ಲಿಯೂ ಒಂದು ವಾದವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಶಿಲುಬೆಗೆ ತಲೆಬಾಗುವ ಕ್ರೈಸ್ತರನ್ನು ಮುಸಲ್ಮಾನರು ವಿಗ್ರಹಾರಾಧಕರೆಂದು ದೂಷಿಸುತ್ತಾರೆ. ಆದರೆ ಅವರೇ ಮೆಕ್ಕಾದಲ್ಲಿ ಕಪ್ಪುಕಲ್ಲನ್ನು ಚುಂಬಿಸುತ್ತಾರೆ, ದರ್ಗಾಗಳಿಗೆ ಚಾದರ ಹೊದಿಸುತ್ತಾರೆ, ಮೊಹರಂನಲ್ಲಿ ಪಂಜವನ್ನು ಹೊತ್ತು ಮೆರೆಸುತ್ತಾರೆ. ಆದುದರಿಂದ ವಿಗ್ರಹಾರಾಧಕರು ಅವರೇ ಎಂಬುದು ಆ ವಾದದ ಸಾರ. ಸಭೆಯಲ್ಲಿ ಇದು ಸುಲಭವಾಗಿ ಮೆಚ್ಚುಗೆ ಪಡೆಯುತ್ತದೆ. ಆದರೆ ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಮುಸಲ್ಮಾನರು ನಮ್ಮ ಬೀದಿಯವರು, ನಮ್ಮ ಸಂತೆಯವರು. ಅವರ ವಿಷಯವಾಗಿ ಧರ್ಮಪೀಠದಿಂದ ಆಡುವ ಮಾತು ನೆರೆಯವನ ಮೇಲೆ ಹೇಳುವ ಸಾಕ್ಷಿಯಾಗುತ್ತದೆ. ಆ ಸಾಕ್ಷಿ ಸತ್ಯವೋ ಸುಳ್ಳೋ ಎಂಬ ಪ್ರಶ್ನೆಯನ್ನು ಹತ್ತು ಆಜ್ಞೆಗಳೇ ನಮ್ಮ ಮುಂದಿಡುತ್ತವೆ.

ಈ ವಾದದ ಮೂಲವು ಎಂಟನೆಯ ಶತಮಾನದಷ್ಟು ಹಳೆಯದು. ಉಮಯ್ಯದ್ ಖಲೀಫರ ಆಳ್ವಿಕೆಯಲ್ಲಿ ಬಾಳಿದ ದಮಸ್ಕದ ಯೋಹಾನನು ತನ್ನ ಕಾಲದ ಭಿನ್ನಮತಗಳನ್ನು ಪಟ್ಟಿಮಾಡುವ ಕೃತಿಯ ಕೊನೆಯ ಭಾಗದಲ್ಲಿ ಇಸ್ಲಾಮನ್ನು ಚರ್ಚಿಸುತ್ತಾನೆ. ಶಿಲುಬೆಯನ್ನು ಗೌರವಿಸುವುದೇ ವಿಗ್ರಹಾರಾಧನೆಯಾದರೆ ಕಾಬಾದ ಕಲ್ಲನ್ನು ಅಪ್ಪಿ ಚುಂಬಿಸುವುದು ಏನೆಂದು ಆತನು ಮರುಪ್ರಶ್ನಿಸುತ್ತಾನೆ. ಅನಂತರ ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ಆ ಕಲ್ಲು ಅಫ್ರೊದಿತೆ ದೇವಿಯ ತಲೆಯಂತೆ.

ಇಲ್ಲಿ ಎರಡು ವಾದಗಳಿವೆ. ಇವೆರಡೂ ಒಂದೇ ಬೆಲೆಯವಲ್ಲ. ಬಾಹ್ಯಕ್ರಿಯೆಯಿಂದಷ್ಟೇ ವಿಗ್ರಹಾರಾಧನೆಯನ್ನು ನಿರ್ಣಯಿಸಲಾಗದು ಎಂಬುದು ಮೊದಲನೆಯದು. ಮರವನ್ನು ಮುಟ್ಟುವವನೂ ಕಲ್ಲನ್ನು ಮುಟ್ಟುವವನೂ ತಮ್ಮ ಮನಸ್ಸಿನಲ್ಲಿ ಯಾರನ್ನು ಉದ್ದೇಶಿಸಿದ್ದಾರೆಂದು ಕೇಳಬೇಕು. ಇದು ನ್ಯಾಯವಾದ ವಾದ. ಎರಡನೆಯದು ಕೇವಲ ಕೇಳಿಬಂದ ಮಾತು. ಕಲ್ಲನ್ನು ಚುಂಬಿಸುವವನ ಉದ್ದೇಶವನ್ನು ಕೇಳದೆ ಅವನ ಮೇಲೆ ಒಂದು ದೇವತೆಯನ್ನು ಹೊರಿಸುತ್ತದೆ. ಇದೇ ಯೋಹಾನನು ಪ್ರತಿಮೆಗಳನ್ನು ಸಮರ್ಥಿಸಿ ಬರೆದ ಮೂರು ಪ್ರಬಂಧಗಳಲ್ಲಿ, ದೇವರೊಬ್ಬನಿಗೇ ಸಲ್ಲತಕ್ಕ ಆರಾಧನೆ ಬೇರೆ, ಪವಿತ್ರ ವಸ್ತುಗಳಿಗೆ ಸಲ್ಲುವ ಗೌರವ ಬೇರೆ ಎಂದು ಎಚ್ಚರಿಕೆಯಿಂದ ಭೇದಮಾಡಿದನು. 787ರ ಎರಡನೆಯ ನಿಕಾಯ ಮಹಾಸಭೆಯೂ ಈ ಭೇದವನ್ನು ಅಂಗೀಕರಿಸಿತು. ಶಿಲುಬೆಗೆ ಬಳಸಿದ ಅಳತೆಗೋಲನ್ನು ಕಪ್ಪುಕಲ್ಲಿಗೆ ಬಳಸದೆ ಬಿಟ್ಟುದೇ ಆತನ ವಾದದ ದೋಷ. ನಮ್ಮ ಕರಪತ್ರಗಳು ಆತನ ನ್ಯಾಯವನ್ನು ಮರೆತು ಈ ದೋಷವನ್ನೇ ಉಳಿಸಿಕೊಂಡಿವೆ.

ಅದೇ ಅಳತೆಗೋಲನ್ನು ಹಿಡಿದರೆ ಕಾಣುವುದೇನು? ಬುಖಾರಿಯ ಹದೀಸ್ ಸಂಗ್ರಹದಲ್ಲಿ ಖಲೀಫ ಉಮರರ ಒಂದು ಪ್ರಸಂಗವಿದೆ. ಕಪ್ಪುಕಲ್ಲಿನ ಮುಂದೆ ನಿಂತು, ನೀನು ಒಳಿತನ್ನಾಗಲಿ ಕೆಡುಕನ್ನಾಗಲಿ ಮಾಡಲಾರದ ಬರಿಯ ಕಲ್ಲು, ಪ್ರವಾದಿಯು ಚುಂಬಿಸಿದುದನ್ನು ಕಂಡೆನೆಂಬ ಕಾರಣಕ್ಕಾಗಿಯೇ ನಿನ್ನನ್ನು ಚುಂಬಿಸುತ್ತೇನೆ ಎಂಬ ಅರ್ಥದ ಮಾತನ್ನು ಅವರು ಆಡಿದರೆಂದು ಅದು ಹೇಳುತ್ತದೆ. ಚರಿತ್ರೆಯೂ ಇದನ್ನು ಒಮ್ಮೆ ಪರೀಕ್ಷಿಸಿತು. 930ರಲ್ಲಿ ಕರ್ಮತಿಯರೆಂಬ ಪಂಗಡದವರು ಮೆಕ್ಕಾದ ಮೇಲೆ ದಾಳಿಮಾಡಿ ಆ ಕಲ್ಲನ್ನು ಕಿತ್ತೊಯ್ದರು. ಅದು ಮರಳಿ ಬಂದುದು ಸುಮಾರು ಎರಡು ದಶಕಗಳ ಮೇಲೆ. ಆ ಕಾಲದಲ್ಲಿ ಮುಸಲ್ಮಾನರು ದಿಕ್ಕನ್ನು ಬದಲಿಸಲಿಲ್ಲ, ನಮಾಜನ್ನು ನಿಲ್ಲಿಸಲಿಲ್ಲ. ಕಲ್ಲೇ ಅವರ ದೇವರಾಗಿದ್ದರೆ ದೇವರನ್ನೇ ಕಳೆದುಕೊಂಡ ಜನರ ಗತಿ ಅವರದಾಗಬೇಕಾಗಿತ್ತು. ಪೂರ್ವಕ್ಕೋ ಪಶ್ಚಿಮಕ್ಕೋ ಮುಖಮಾಡುವುದರಲ್ಲಿಯೇ ಧರ್ಮವಿಲ್ಲವೆಂದು ಕುರಾನಿನ ಎರಡನೆಯ ಅಧ್ಯಾಯವೂ ಬೋಧಿಸುತ್ತದೆ. ಕಪ್ಪುಕಲ್ಲಿನ ವಿಷಯದಲ್ಲಿ ವಿಗ್ರಹಾರಾಧನೆಯ ಆರೋಪವು ನಿಲ್ಲಲಾರದು.

ಪಂಡಿತರ ಬೋಧನೆ ಬೇರೆ, ಜನರ ಆಚರಣೆ ಬೇರೆ ಎಂಬ ಆಕ್ಷೇಪವು ಈ ಹಂತದಲ್ಲಿ ಬರುವುದು ಸಹಜ. ಇದನ್ನು ತಳ್ಳಿಹಾಕುವಂತಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಮೊಹರಂ ಎಂದರೆ ಬಾಬಯ್ಯನ ಹಬ್ಬ. 680ರಲ್ಲಿ ಕರ್ಬಲಾದಲ್ಲಿ ಹತನಾದ ಪ್ರವಾದಿಯ ಮೊಮ್ಮಗ ಹುಸೇನನ ಶೋಕವನ್ನು ಲೋಹದ ಅಂಗೈಯೊಂದು ಇಲ್ಲಿ ಹೊತ್ತು ನಿಲ್ಲುತ್ತದೆ. ಪಂಜದ ಐದು ಬೆರಳುಗಳು ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನರನ್ನು ಸೂಚಿಸುತ್ತವೆ. ಅದಕ್ಕೆ ಬಟ್ಟೆ ಉಡಿಸುತ್ತಾರೆ, ಹೂವು ಮುಡಿಸುತ್ತಾರೆ, ಲೋಬಾನದ ಹೊಗೆ ಹಾಕುತ್ತಾರೆ, ಸಕ್ಕರೆ ಓದಿಸುತ್ತಾರೆ, ಹರಕೆ ಹೊರುತ್ತಾರೆ, ಬೆಂಕಿಯ ಕುಂಡದ ಸುತ್ತ ಕುಣಿಯುತ್ತಾರೆ. ಹತ್ತನೆಯ ದಿನ ಅದನ್ನು ನೀರಿನ ಬಳಿಗೆ ಒಯ್ದು ತಣಿಸಿ, ಬಟ್ಟೆಯಲ್ಲಿ ಸುತ್ತಿ ಮರಳಿ ತರುತ್ತಾರೆ. ಜಾಫರ್ ಷರೀಫರು ಬರೆದು 1832ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ಕಾನೂನ್-ಎ-ಇಸ್ಲಾಂ’ ಗ್ರಂಥವು ದಕ್ಖಣದ ಇಂತಹ ಆಚರಣೆಗಳನ್ನು ವಿಸ್ತಾರವಾಗಿ ದಾಖಲಿಸಿದೆ.

ಪಂಜವನ್ನು ಹೊರುವವರಲ್ಲಿಯೂ ಹರಕೆ ಹೊರುವವರಲ್ಲಿಯೂ ಹಿಂದೂಗಳು ಬಹುಮಂದಿ. ಮುಸಲ್ಮಾನರ ಮನೆಯೇ ಇಲ್ಲದ ಹಳ್ಳಿಗಳಲ್ಲಿಯೂ ಕರ್ನಾಟಕದಲ್ಲಿ ಈ ಹಬ್ಬ ನಡೆಯುತ್ತದೆ. ಇದನ್ನು ‘ಇಸ್ಲಾಮಿನ ವಿಗ್ರಹಾರಾಧನೆ’ ಎಂದು ಕರೆಯುವುದು ವರ್ಣನೆಯ ಮಟ್ಟದಲ್ಲಿಯೇ ತಪ್ಪಾಗುತ್ತದೆ. ಭಾಷೆಯೂ ನಮ್ಮನ್ನು ದಾರಿತಪ್ಪಿಸಬಲ್ಲದು. ಉತ್ತರ ಕರ್ನಾಟಕದಲ್ಲಿ ಪಂಜಗಳಿಗೆ ಅಲಾಯಿ ದೇವರು, ಪೀರಲ ದೇವರು ಎಂಬ ಹೆಸರುಗಳಿವೆ. ಈ ಮಾತನ್ನು ಕೇಳಿದೊಡನೆ ಮೊದಲನೆಯ ಆಜ್ಞೆ ನಮ್ಮ ನೆನಪಿಗೆ ಬರುತ್ತದೆ. ಆದರೆ ಕನ್ನಡದಲ್ಲಿ ‘ದೇವರು’ ಎಂಬುದು ಸೃಷ್ಟಿಕರ್ತನಿಗಷ್ಟೇ ಮೀಸಲಾದ ಪದವಲ್ಲ; ವೀರಶೈವ ಮಠಗಳಲ್ಲಿ ಮರಿಸ್ವಾಮಿಗಳನ್ನೂ ದೇವರೆಂದು ಕರೆಯುವ ರೂಢಿಯಿದೆ. ‘ಗದ್ದುಗೆ’ಯೂ ಹಾಗೆಯೇ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿರುವ ಸಿದ್ಧಲಿಂಗೇಶ್ವರರ ಸಮಾಧಿಯೂ ಗದ್ದುಗೆ, ಸೂಫಿ ಸಂತರ ಸಮಾಧಿಯೂ ಜನರ ಬಾಯಲ್ಲಿ ಗದ್ದುಗೆ. ಸತ್ಯವೇದದ ಒಂದು ಪದಕ್ಕೆ ನಾವು ಕೊಟ್ಟ ಕನ್ನಡವನ್ನೇ ಹಿಡಿದು ನೆರೆಯವನ ಮನಸ್ಸನ್ನು ಅಳೆಯುವುದು ವಿವೇಕವಲ್ಲ.

ಇದಕ್ಕೆ ನಮ್ಮ ಪರಂಪರೆಯ ಕಾರಣವೂ ಇದೆ. ವೆಸ್ಲಿಯನ್ ಮಿಷನರಿ ವಿಲಿಯಂ ಆರ್ಥರರು ಗುಬ್ಬಿಯಲ್ಲಿ ಸೇವೆಮಾಡಿ 1847ರಲ್ಲಿ ಮೈಸೂರು ಮಿಷನ್ನನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಥಾಮಸ್ ಹಾಡ್ಸನ್ನರೂ ಅದೇ ಗುಬ್ಬಿಯಲ್ಲಿ ದುಡಿದವರು. ಈ ಸೀಮೆಯ ಸಭೆಗಳು ಆ ಪೀಳಿಗೆಗೆ ಋಣಿಗಳು. ವಿಗ್ರಹಖಂಡನೆಯು ಆ ಕಾಲದ ಬೋಧನೆಯ ಮುಖ್ಯ ಅಂಗವಾಗಿತ್ತು. ದೇವಾಲಯವನ್ನು ಎದುರಿಗಿಟ್ಟುಕೊಂಡು ರೂಪುಗೊಂಡ ಆ ಭಾಷೆಯನ್ನು ಮಸೀದಿಗೂ ದರ್ಗಾಕ್ಕೂ ಹಾಗೆಯೇ ಅನ್ವಯಿಸುವುದು ಮಾತ್ರ ನಾವು ಮುಂದುವರಿಸಬೇಕಾದ ಆಸ್ತಿಯಲ್ಲ.

ಈ ವಿಷಯದ ಅತ್ಯಂತ ತೀಕ್ಷ್ಣ ವಿಮರ್ಶಕರು ಇಸ್ಲಾಮಿನ ಒಳಗೇ ಇದ್ದಾರೆ ಎಂಬುದನ್ನೂ ನಮ್ಮ ವಾದವು ಕಾಣುವುದಿಲ್ಲ. ದೇವರಿಗೆ ಸಮನಾಗಿ ಇನ್ನೊಂದನ್ನು ನಿಲ್ಲಿಸುವ ‘ಷಿರ್ಕ್’ ಅಲ್ಲಿ ಮಹಾಪಾಪ. 1328ರಲ್ಲಿ ತೀರಿಕೊಂಡ ಇಬ್ನ್ ತೈಮಿಯ್ಯ ಸಮಾಧಿಗಳ ಬಳಿ ಬೇಡಿಕೊಳ್ಳುವುದನ್ನು ಕಟುವಾಗಿ ಖಂಡಿಸಿದರು. ನಮ್ಮ ದೇಶದಲ್ಲಿ 1866ರಲ್ಲಿ ಸ್ಥಾಪನೆಯಾದ ದೇವಬಂದ್ ವಿದ್ಯಾಲಯದ ಪರಂಪರೆಗೂ ಅಹಮದ್ ರಜಾ ಖಾನರ ಬರೇಲ್ವಿ ಪರಂಪರೆಗೂ ಇರುವ ಭಿನ್ನಾಭಿಪ್ರಾಯದಲ್ಲಿ ಸಂತರ ಮಧ್ಯಸ್ಥಿಕೆಯ ಪ್ರಶ್ನೆಯೂ ಸೇರಿದೆ. ಪ್ರವಾದಿಯ ಕೇಶವೆಂದು ನಂಬಲಾದ ಅವಶೇಷವನ್ನು ವಿಜಯಪುರದ ಆಸಾರ್ ಮಹಲಿನಲ್ಲಿ ಗೌರವಿಸುವವರೂ ಮುಸಲ್ಮಾನರೇ, ಇಂತಹ ಗೌರವವು ಮಿತಿಮೀರೀತೆಂದು ಎಚ್ಚರಿಸುವವರೂ ಮುಸಲ್ಮಾನರೇ. ಪ್ರತಿಮಾಭಂಜಕರ ಕಾಲದಲ್ಲಿಯೂ ಮತಸುಧಾರಣೆಯ ಕಾಲದಲ್ಲಿಯೂ ನಮ್ಮ ಮನೆಯೊಳಗೆ ನಡೆದ ವಾಗ್ವಾದವೇ ಅಲ್ಲಿಯೂ ನಡೆಯುತ್ತಿದೆ.

ಹಾಗಾದರೆ ವಿಗ್ರಹಾರಾಧನೆಯ ಕುರಿತು ಕ್ರೈಸ್ತನು ಬಾಯಿಮುಚ್ಚಿರಬೇಕೆ? ಇಲ್ಲ. ಆದರೆ ಅಳತೆಗೋಲು ಸತ್ಯವೇದದ್ದಾಗಿರಬೇಕು. ಅರಣ್ಯಕಾಂಡದ ತಾಮ್ರದ ಸರ್ಪವು ದೇವರ ಅಪ್ಪಣೆಯಿಂದಲೇ ಆದುದು, ಜನರ ಪ್ರಾಣ ಉಳಿಸಿದುದು. ಶತಮಾನಗಳ ಮೇಲೆ ಇಸ್ರಾಯೇಲ್ಯರು ಅದಕ್ಕೆ ಧೂಪ ಹಾಕತೊಡಗಿದಾಗ ಅರಸನಾದ ಹಿಜ್ಕೀಯನು ಅದನ್ನು ಒಡೆದುಹಾಕಿದನು. ವಸ್ತು ಬದಲಾಗಿರಲಿಲ್ಲ, ಜನರ ಭರವಸೆಯು ನೆಲೆಸಿದ ಸ್ಥಾನ ಬದಲಾಗಿತ್ತು. ಒಡಂಬಡಿಕೆಯ ಮಂಜೂಷವನ್ನು ಯುದ್ಧಭೂಮಿಗೆ ಹೊತ್ತೊಯ್ದು ಜಯ ತಮ್ಮದೇ ಎಂದು ಆರ್ಭಟಿಸಿದವರು ಅದನ್ನು ಫಿಲಿಷ್ಟಿಯರ ಕೈಗೆ ಒಪ್ಪಿಸಿ ಸೋತರು. ಪೌಲನ ಮೈಮುಟ್ಟಿದ ಬಟ್ಟೆಗಳಾದರೋ ಎಫೆಸದಲ್ಲಿ ರೋಗಿಗಳನ್ನು ಗುಣಪಡಿಸಿದುವೆಂದು ಅಪೊಸ್ತಲರ ಕೃತ್ಯಗಳು ಯಾವ ಸಂಕೋಚವೂ ಇಲ್ಲದೆ ಹೇಳುತ್ತದೆ. ಇವುಗಳಿಂದ ಹೊರಡುವ ಪ್ರಶ್ನೆಗಳು ಮೂರು: ಭರವಸೆಯು ವಸ್ತುವಿನಲ್ಲಿಯೋ, ಅದರಾಚೆಯ ಒಡೆಯನಲ್ಲಿಯೋ? ದೇವರು ಬೇಡವೆಂದಾಗ ಅದನ್ನು ಬಿಟ್ಟುಕೊಡಲು ಭಕ್ತನು ಸಿದ್ಧನೋ? ಆ ಭಕ್ತಿಯು ಅವನನ್ನು ನೀತಿಯ ಕಡೆಗೆ ನಡೆಸುತ್ತದೆಯೋ, ದೇವರನ್ನು ತನ್ನ ಕೆಲಸಕ್ಕೆ ಹಚ್ಚುವ ಉಪಾಯವಾಗುತ್ತದೆಯೋ?

ಪಂಜದ ಮುಂದೆ ಈ ಪ್ರಶ್ನೆಗಳನ್ನಿಟ್ಟರೆ ಒಂದೇ ಉತ್ತರ ದೊರೆಯದು. ಹುಸೇನನ ಬಲಿದಾನವನ್ನು ನೆನೆದು ಅಳುವವನ ಅಂಗೈ ಬೇರೆ ಮಾತನ್ನು ಹೇಳುತ್ತದೆ. ಹರಕೆ ತಪ್ಪಿದರೆ ಬಾಬಯ್ಯ ಮುನಿದಾನೆಂದು ಅಂಜುವವನದು ಬೇರೆ. ಎರಡನೆಯವನ ಅಂಜಿಕೆಯನ್ನು ಸುವಾರ್ತೆಯು ಮುಟ್ಟಲೇಬೇಕು. ಆದರೆ ಅದೇ ಅಂಜಿಕೆ ನಮ್ಮಲ್ಲಿಯೂ ಇದೆ. ದಿಂಬಿನ ಕೆಳಗೆ ಸತ್ಯವೇದವನ್ನಿಟ್ಟು ಓದದೆ ಮಲಗುವವರು, ಅಭಿಷೇಕದ ಎಣ್ಣೆಯ ಸೀಸೆಯನ್ನು ವಾಕ್ಯಕ್ಕಿಂತ ಹೆಚ್ಚಾಗಿ ನಂಬುವವರು, ಸಂತ ಅಂತೋನಿಯವರೊಡನೆ ಚೌಕಾಸಿಗೆ ನಿಲ್ಲುವವರು ನಮ್ಮ ಸಭೆಗಳಲ್ಲಿಲ್ಲವೇ? ಹಿಜ್ಕೀಯನು ಒಡೆದುದು ನೆರೆಯ ಜನಾಂಗದ ವಿಗ್ರಹವನ್ನಲ್ಲ, ತನ್ನ ಜನರೇ ಮೋಶೆಯ ಕಾಲದಿಂದ ಕಾಪಾಡಿಕೊಂಡು ಬಂದ ವಸ್ತುವನ್ನು.

ಸಭಾಪಾಲಕನ ಕೆಲಸದಲ್ಲಿ ಇದು ಹೇಗೆ ಎದುರಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಸಾಕು. ಮಗುವಿನ ಜ್ವರ ಇಳಿಯದೆ ಸಭೆಯ ತಾಯಿಯೊಬ್ಬಳು ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿಕೊಂಡು ಬಂದಳೆಂದಿಟ್ಟುಕೊಳ್ಳೋಣ. ಅವಳ ನೆರೆಮನೆಯವರು ಬಾಬಯ್ಯನ ಸಕ್ಕರೆಯನ್ನು ತಂದುಕೊಟ್ಟರೆಂದೂ ಇಟ್ಟುಕೊಳ್ಳೋಣ. ಇವೆರಡೂ ಒಂದೇ ಅಲ್ಲ. ಕೊರಿಂಥದವರಿಗೆ ಬರೆದ ಪೌಲನು ಮನೆಯ ಊಟಕ್ಕೆ ಕರೆದವನ ಮುಂದೆ ಬಡಿಸಿದ್ದನ್ನು ಪ್ರಶ್ನಿಸದೆ ಉಣ್ಣಲು ಬಿಡುತ್ತಾನೆ. ಆದರೆ ಇದು ನೈವೇದ್ಯವೆಂದು ಒಬ್ಬನು ತಿಳಿಸಿದರೆ ಅವನ ಮನಸ್ಸಾಕ್ಷಿಯ ಸಲುವಾಗಿ ಬಿಡಬೇಕೆನ್ನುತ್ತಾನೆ. ಎರಡು ಮೇಜುಗಳಲ್ಲಿ ಪಾಲುಗೊಳ್ಳುವುದನ್ನಂತೂ ಒಪ್ಪುವುದಿಲ್ಲ. ಸಕ್ಕರೆಯನ್ನು ನೆರೆಹೊರೆಯ ಪ್ರೀತಿಯೆಂದು ಸ್ವೀಕರಿಸಬಹುದು. ಬಲಹೀನ ಸಹೋದರನು ಎಡವುವ ಸಂದರ್ಭದಲ್ಲಿ ವಿನಯದಿಂದ ಬಿಡಬಹುದು. ತಾಯಿತದ ವಿಷಯದಲ್ಲಿ ಸಭಾಪಾಲಕನು ಮೌನವಾಗಿರಲಾಗದು. ಆದರೆ ಅವನ ಮೊದಲನೆಯ ಪ್ರಶ್ನೆ ಆ ತಾಯಿ ಇಸ್ಲಾಮಿನ ಕಡೆಗೆ ಹೋದಳೆಂಬುದಲ್ಲ. ಅವಳ ಭಯದ ರಾತ್ರಿಗಳಲ್ಲಿ ಸಭೆಯವರು ಯಾರೂ ಅವಳ ಮನೆಬಾಗಿಲಿಗೆ ಹೋಗಲಿಲ್ಲವೇಕೆ ಎಂಬುದು. ಅವಳೊಡನೆ ಕುಳಿತು ಪ್ರಾರ್ಥಿಸಿ, ಮಗುವನ್ನು ಆಸ್ಪತ್ರೆಗೆ ಕರೆದೊಯ್ದ ಮೇಲೆ ಆಡುವ ಬುದ್ಧಿಮಾತಿಗೆ ಬೆಲೆಯಿರುತ್ತದೆ.

ನೆರೆಯವನ ಕೈಯಲ್ಲಿ ಏನಿದೆಯೆಂದು ನೋಡಿ ತೀರ್ಪುಕೊಡುವ ವಾದವನ್ನು ನಮ್ಮ ಬೋಧನೆಯಿಂದ ಕೈಬಿಡುವುದು ಒಳಿತು. ಇದರಿಂದ ಮೊದಲನೆಯ ಆಜ್ಞೆಗೆ ಯಾವ ಕುಂದೂ ಬಾರದು. ಅದು ಮೊದಲು ನಮ್ಮನ್ನೇ ಉದ್ದೇಶಿಸಿ ನುಡಿದ ಮಾತೆಂಬುದು ಆಗ ಸ್ಪಷ್ಟವಾಗುತ್ತದೆ; ಮುಸಲ್ಮಾನ ಸಹೋದರನೊಡನೆ ದೇವರ ಏಕತ್ವವನ್ನು ಕುರಿತು ನಡೆಸುವ ಮಾತುಕತೆಯೂ ಗೌರವದಿಂದ ಆರಂಭವಾಗಬಲ್ಲದು.