ಫೈಲಿನ ಹೆಸರು ಅಪ್ಪಣೆಯಾಗದಿರಲಿ

ಗಂಗಾವತಿಯ ಅಕ್ಕಿ ಗಿರಣಿಯಾಗಲಿ, ಕುಷ್ಟಗಿಯ ದಲ್ಲಾಳಿ ಅಂಗಡಿಯಾಗಲಿ, ಲೆಕ್ಕದ ಕಂಪ್ಯೂಟರಿನಲ್ಲಿ ಫೈಲುಗಳಿಗೆ ಜನ ಹೆಸರಿಡುವುದು ತಾವು ಮಾತಾಡುವ ಹಾಗೆಯೇ: ನಡುವೆ ಖಾಲಿ ಜಾಗ, ಆವರಣ ಚಿಹ್ನೆ, ಒಂದು & ಗುರುತು. ಅದರಲ್ಲಿ ತಪ್ಪೇನೂ ಇಲ್ಲ. ಅಂಥ ಬಿಲ್ಲುಗಳನ್ನು ದಿನದ ಕೊನೆಗೆ ಜಿಪ್ ಮಾಡಿಡಲು ಬರೆದ ಪೈಥಾನ್ ಸ್ಕ್ರಿಪ್ಟ್ ಎಡವಿದರೆ ತಪ್ಪು ಸ್ಕ್ರಿಪ್ಟಿನದೇ. ‘ಭತ್ತ & ನುಚ್ಚು.ಪಿಡಿಎಫ್’ ಎಂಬ ಫೈಲನ್ನೇ ತೆಗೆದುಕೊಳ್ಳಿ. ಕಮಾಂಡಿಗೆ ಈ ಹೆಸರನ್ನು ಅಂಟಿಸಿ, ‘ಶೆಲ್=ಟ್ರೂ’ ಎಂದು ಬರೆದು ಲಿನಕ್ಸಿನಲ್ಲಿ ಓಡಿಸಿದರೆ, ಆ ಸಾಲನ್ನು ಮೊದಲು ಓದುವುದು ಶೆಲ್. ಅದರ ಲೆಕ್ಕದಲ್ಲಿ & ಬಂತೆಂದರೆ ಹಿಂದಿನದು ಹಿನ್ನೆಲೆಯಲ್ಲಿ ನಡೆಯಬೇಕು, ಮುಂದಿನದು ಹೊಸ ಕಮಾಂಡ್. ಜಿಪ್ ‘ಭತ್ತ’ ಎಂಬ ಇಲ್ಲದ ಫೈಲನ್ನು ಹುಡುಕುತ್ತದೆ, ‘ನುಚ್ಚು.ಪಿಡಿಎಫ್’ ಎಂಬ ಕಮಾಂಡೇ ಇಲ್ಲವೆಂದು ಶೆಲ್ 127 ಎಂಬ ಸಂಖ್ಯೆ ಕೊಟ್ಟು ಮುಗಿಸುತ್ತದೆ. ಆ ಸಂಖ್ಯೆಯನ್ನು ಸ್ಕ್ರಿಪ್ಟ್ ಗಮನಿಸದಿದ್ದರೆ, ಬಿಲ್ಲು ಉಳಿದೇ ಇಲ್ಲವೆಂಬುದು ಆಡಿಟ್ ಬಂದಾಗಲೇ ತಿಳಿಯುವುದು.

2004ರಲ್ಲಿ ಪೈಥಾನ್ 2.4ರ ಜೊತೆ ಬಂದ ಸಬ್‌ಪ್ರೊಸೆಸ್ ಮಾಡ್ಯೂಲಿನಲ್ಲಿ ಇದಕ್ಕೆ ನೇರ ದಾರಿಯಿದೆ. ಪ್ರೋಗ್ರಾಮಿನ ಹೆಸರನ್ನೂ ಪ್ರತಿ ಆರ್ಗ್ಯುಮೆಂಟನ್ನೂ ಬೇರೆಬೇರೆಯಾಗಿ ಪಟ್ಟಿ ಮಾಡಿ ಕೊಟ್ಟರೆ ಶೆಲ್ ನಡುವೆ ಬರುವುದೇ ಇಲ್ಲ. ಹೆಸರು ಇದ್ದಂತೆಯೇ ಜಿಪ್‌ಗೆ ತಲುಪುತ್ತದೆ. ಹೆಸರಿನ ಸುತ್ತ ಉದ್ಧರಣ ಚಿಹ್ನೆ ಹಾಕಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಸಾಲದು. 2016ರಲ್ಲಿ ಬಯಲಾದ ‘ಇಮೇಜ್‌ಟ್ರಾಜಿಕ್’ ದೋಷವೇ ಸಾಕ್ಷಿ. ಚಿತ್ರದೊಳಗಿನ ವೆಬ್ ವಿಳಾಸವನ್ನು ಇಮೇಜ್‌ಮ್ಯಾಜಿಕ್ ತಂತ್ರಾಂಶ ಉದ್ಧರಣ ಚಿಹ್ನೆಯ ಒಳಗಿಟ್ಟೇ ಶೆಲ್ಲಿಗೆ ಕೊಡುತ್ತಿತ್ತು. ವಿಳಾಸದಲ್ಲೇ ಇನ್ನೊಂದು ಉದ್ಧರಣ ಚಿಹ್ನೆ ಸೇರಿಸಿದವರು ಆ ಬೇಲಿ ದಾಟಿ ತಮಗೆ ಬೇಕಾದ ಕಮಾಂಡ್ ಓಡಿಸಬಹುದಿತ್ತು. ‘ಸ್ಕ್ರಿಪ್ಟ್ ನನ್ನದು, ಬಳಸುವವನೂ ನಾನೇ’ ಎಂಬ ಮಾತೂ ನಿಲ್ಲುವುದಿಲ್ಲ. ಸ್ಕ್ರಿಪ್ಟ್ ನಿಮ್ಮದಿರಬಹುದು, ವಾಟ್ಸ್ಆಪಿನಲ್ಲಿ ಬಂದ ಫೈಲಿಗೆ ಹೆಸರಿಟ್ಟವರು ಬೇರೆಯವರು.

ಪೈಪು ಹಾಕಿ ನಾಲ್ಕು ಕಮಾಂಡ್ ಜೋಡಿಸುವ ಸುಖ ಶೆಲ್ಲಿನಲ್ಲೇ ಇದೆಯೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಸಾಲು ಪೂರ್ತಿ ನೀವೇ ಬರೆದದ್ದಾಗಿದ್ದು, ಹೊರಗಿನ ಒಂದಕ್ಷರವೂ ಅದರೊಳಗೆ ಸೇರದಿದ್ದರೆ ಶೆಲ್ ಬಳಸಿ, ಅಡ್ಡಿಯಿಲ್ಲ. ಪಟ್ಟಿಯೂ ಸರ್ವರೋಗಕ್ಕೆ ಮದ್ದಲ್ಲ. ಅಡ್ಡಗೀಟಿನಿಂದ ಶುರುವಾಗುವ ಹೆಸರನ್ನು ಅನೇಕ ಪ್ರೋಗ್ರಾಮುಗಳು ಆಯ್ಕೆಯೆಂದೇ ತಿಳಿಯುತ್ತವೆ. ಅದಕ್ಕೆ ಹೆಸರಿನ ಮುಂದೆ ‘./’ ಸೇರಿಸಬೇಕು. ವಿಂಡೋಸ್‌ನಲ್ಲಿ ಬ್ಯಾಚ್ ಫೈಲುಗಳನ್ನು ಕರೆದಾಗ ಪಟ್ಟಿಯಾಗಿ ಕೊಟ್ಟದ್ದನ್ನೂ ಅಲ್ಲಿನ ಶೆಲ್ ಮತ್ತೆ ಬಿಡಿಸಿ ಓದುತ್ತದೆ. 2024ರ ಏಪ್ರಿಲ್‌ನಲ್ಲಿ ಸುರಕ್ಷತೆಗೆ ಹೆಸರಾದ ರಸ್ಟ್ ಭಾಷೆಯೇ ಇದಕ್ಕಾಗಿ ತುರ್ತು ತಿದ್ದುಪಡಿ ಹೊರತರಬೇಕಾಯಿತು. ಆದರೂ ಉಳಿಯುವ ಅಪಾಯ ಎಣಿಸಬಹುದಾದಷ್ಟು. ಶೆಲ್ಲಿಗೆ ವಿಶೇಷವೆನಿಸುವ ಗುರುತುಗಳನ್ನೆಲ್ಲ ನೆನಪಿಟ್ಟು ಕಾಯುವುದಕ್ಕಿಂತ ಇದು ಎಷ್ಟೋ ಮೇಲು.

ನಿಮ್ಮ ಹಳೆಯ ಸ್ಕ್ರಿಪ್ಟುಗಳಲ್ಲಿ ‘ಶೆಲ್=ಟ್ರೂ’ ಎಲ್ಲೆಲ್ಲಿದೆ ಹುಡುಕಿ, ಹೊರಗಿನ ಹೆಸರು ಸೇರುವ ಕಡೆಯೆಲ್ಲ ಪಟ್ಟಿಗೆ ಬದಲಿಸಿ. ಜೊತೆಗೆ ‘ಚೆಕ್=ಟ್ರೂ’ ಎಂದು ಬರೆದರೆ ಸೋತ ಕಮಾಂಡ್ ಸದ್ದಿಲ್ಲದೆ ದಾಟಿಹೋಗುವುದಿಲ್ಲ; ‘ಟೈಮ್‌ಔಟ್’ ಕೊಟ್ಟರೆ ಸಿಕ್ಕಿಕೊಂಡ ಕಮಾಂಡಿಗಾಗಿ ಸ್ಕ್ರಿಪ್ಟ್ ರಾತ್ರಿಯಿಡೀ ಕಾಯುವುದೂ ಇಲ್ಲ.