ಡಾನ್ ಕ್ವಿಕ್ಸೋಟನ ಶಿರಸ್ತ್ರಾಣ

ಸ್ಪೆಯಿನ್ ದೇಶದ ಸೆರ್ವಾಂಟಿಸನು 1605ರಲ್ಲಿ ಪ್ರಕಟಿಸಿದ ‘ಡಾನ್ ಕ್ವಿಕ್ಸೋಟ್’ ಎಂಬ ಗದ್ಯಕಾವ್ಯದ ಮೊದಲನೆಯ ಅಧ್ಯಾಯದಲ್ಲಿಯೇ ಕೃತಕ ಶಿರಸ್ತ್ರಾಣವೊಂದರ ಪ್ರಸಂಗವು ಬರುವುದು. ವೀರಕಥೆಗಳನ್ನೋದಿ ಮತಿಗೆಟ್ಟ ಗ್ರಾಮೀಣ ಗೃಹಸ್ಥನೊಬ್ಬನು ಪೂರ್ವಿಕರ ತುಕ್ಕುಹಿಡಿದ ಕವಚವನ್ನು ಹೊರತೆಗೆದು ತಿಕ್ಕುವನು. ಅದರಲ್ಲಿ ಮುಖವನ್ನು ಮುಚ್ಚುವ ಪೂರ್ಣ ಶಿರಸ್ತ್ರಾಣವಿಲ್ಲ. ಬರಿಯ ಲೋಹದ ಟೊಪ್ಪಿಗೆಯುಂಟು. ಅದಕ್ಕೆ ರಟ್ಟಿನ ಮುಖಪಟವನ್ನು ಜೋಡಿಸಿ, ಪ್ರಾಚೀನ ಅಶ್ವವೀರರ ಶಿರಸ್ತ್ರಾಣದ ಪ್ರತಿಕೃತಿಯನ್ನು ರಚಿಸಿಕೊಳ್ಳುವನು. ಪರೀಕ್ಷಾರ್ಥವಾಗಿ ಕತ್ತಿಯಿಂದ ಹೊಡೆಯಲು, ಮೊದಲನೆಯ ಏಟಿಗೇ ವಾರದ ದುಡಿಮೆಯೆಲ್ಲ ಹಾಳಾಗುವುದು. ಮತ್ತೆ ಕಟ್ಟಿ, ಒಳಗೆ ಕಬ್ಬಿಣದ ಪಟ್ಟಿಗಳನ್ನಿಟ್ಟು, ಈ ಸಲ ಪರೀಕ್ಷಿಸದೆಯೇ ಅದನ್ನು ಉತ್ತಮೋತ್ತಮವೆಂದು ನಿಶ್ಚಯಿಸುವನು.

ಇದನ್ನು ಕೇವಲ ಹಾಸ್ಯವೆಂದು ನಕ್ಕು ಮುಂದೆ ಸಾಗುವ ವಾಚಕರೇ ಬಹುಮಂದಿ. ವಿಕೃತವೇಷವು ಹಾಸ್ಯಕ್ಕೆ ವಿಭಾವವೆಂದು ಭರತಮುನಿಯೇ ಹೇಳಿರುವುದರಿಂದ ನಗುವುದು ತಪ್ಪಲ್ಲ. ಆದರೆ ಪ್ರಸಂಗದ ಜೀವವಿರುವುದು ಆ ಬಿಟ್ಟುಹೋದ ಎರಡನೆಯ ಪರೀಕ್ಷೆಯಲ್ಲಿ. ಹಗ್ಗವನ್ನು ಹಾವೆಂದು ತಿಳಿದವನು ದೀಪವನ್ನು ಬಯಸುವನು. ಈತನಾದರೋ ದೀಪವನ್ನೇ ದೂರವಿಡುವನು. ಆದುದರಿಂದ ಇದು ಶುದ್ಧಭ್ರಾಂತಿಯಲ್ಲ. ಬಾಧಕವನ್ನು ಬಲ್ಲವನು ಇಚ್ಛಾಪೂರ್ವಕವಾಗಿ ತಂದುಕೊಳ್ಳುವ ಇಂತಹ ಜ್ಞಾನವನ್ನು ನೈಯಾಯಿಕರು ಆಹಾರ್ಯಜ್ಞಾನವೆಂದು ಕರೆಯುವರು.

ಹದಿನೈದನೆಯ ಶತಮಾನದಲ್ಲಿ ಮಿಲಾನ್, ಆಗ್ಸ್‌ಬರ್ಗ್ ನಗರಗಳ ಕಮ್ಮಾರರು ಉಕ್ಕನ್ನು ಬಡಿದು ಮಾಡುತ್ತಿದ್ದ ಶಿರಸ್ತ್ರಾಣಗಳು ಏಟನ್ನು ತಡೆಯುವುದಕ್ಕಾಗಿಯೇ ಹುಟ್ಟಿದವು. ರಂಗಭೂಮಿಯ ಆಯುಧಾಭರಣಗಳ ಧರ್ಮವೇ ಬೇರೆ. ನಟನು ಬಳಲದಿರಲೆಂದು ಅವುಗಳನ್ನು ಹಗುರವಾದ ವಸ್ತುಗಳಿಂದಲೇ ಮಾಡಬೇಕೆಂದು ನಾಟ್ಯಶಾಸ್ತ್ರವು ವಿಧಿಸುವುದು. ರಟ್ಟಿನ ಶಿರಸ್ತ್ರಾಣವು ರಂಗದಲ್ಲಿ ಗುಣ, ರಣದಲ್ಲಿ ದೋಷ. ಈ ಎರಡರ ನಡುವಣ ಗಡಿಯನ್ನು ದಾಟಿದುದೇ ನಾಯಕನ ಅಪರಾಧ. ಅದಕ್ಕೆ ತಕ್ಕ ಫಲವನ್ನೂ ಕವಿಯು ಕೊಟ್ಟಿರುವನು. ಛತ್ರದಲ್ಲಿ ಹಸಿರುಪಟ್ಟಿಯ ಗಂಟು ಬಿಚ್ಚಲಾಗದೆ, ಕತ್ತರಿಸಲೂ ಒಪ್ಪದೆ, ಮತ್ತೊಬ್ಬರ ಕೈಯಿಂದ ತುತ್ತನ್ನೂ ಕೊಳವೆಯ ಮೂಲಕ ದ್ರಾಕ್ಷಾರಸವನ್ನೂ ಆತನು ಸ್ವೀಕರಿಸಬೇಕಾಗುವುದು. ಮುಂದೆ ಬಿಸ್ಕೆ ಪ್ರಾಂತದವನೊಡನೆ ಹೋರಾಡುವಾಗ ಶಿರಸ್ತ್ರಾಣದ ಬಹುಭಾಗದೊಡನೆ ಅರ್ಧ ಕಿವಿಯೂ ಹೋಗುವುದು.

ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಕ್ಷೌರಿಕನ ಹಿತ್ತಾಳೆಯ ಬಟ್ಟಲನ್ನು ಚಿನ್ನದ ಶಿರಸ್ತ್ರಾಣವೆಂದು ನಂಬುವನಲ್ಲ, ಅದು ಭ್ರಾಂತಿಯಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಹೌದು, ಅದು ಭ್ರಾಂತಿಯೇ. ಆದರೆ ಪೌರ್ವಾಪರ್ಯವನ್ನು ಗಮನಿಸಬೇಕು. ಮೊದಲು ಪರೀಕ್ಷಿಸಲು ಒಲ್ಲದವನು ಕಡೆಗೆ ಪರೀಕ್ಷಿಸಲಾರದವನಾದನು. ಈ ಅವನತಿಯ ಕ್ರಮವನ್ನು ಒಂದು ನೀತಿವಾಕ್ಯವನ್ನೂ ಹೇಳದೆ ತೋರಿಸಿರುವುದು ಕವಿಯ ಹಿರಿಮೆ.

ಏಟುತಿನ್ನುವ ಪ್ರಸಂಗಗಳನ್ನು ಮಿತಿಮೀರಿ ಪುನರುಕ್ತಿಗೊಳಿಸಿರುವುದು ಗ್ರಂಥದ ದೋಷವೆಂಬುದನ್ನು ಒಪ್ಪಲೇಬೇಕು. ಆದರೂ ಕವಿಯ ನಗೆಯಲ್ಲಿ ತಿರಸ್ಕಾರವಿಲ್ಲ. ಆತನು 1571ರಲ್ಲಿ ಲೆಪಾಂಟೊ ನೌಕಾಯುದ್ಧದಲ್ಲಿ ಹೋರಾಡಿ ಎಡಗೈಯ ಶಕ್ತಿಯನ್ನು ಕಳೆದುಕೊಂಡವನು. ನಿಜವಾದ ಏಟಿನ ನೋವನ್ನು ಬಲ್ಲವನು. ಶಿರಸ್ತ್ರಾಣವು ಹುಸಿಯಾದರೂ ಅದರೊಳಗಿನ ತಲೆಯು ಹುಸಿಯಲ್ಲ, ಧೈರ್ಯವೂ ಹುಸಿಯಲ್ಲ. ಹಾಸ್ಯದ ತಳದಲ್ಲಿ ಕರುಣವು ಹರಿಯುವುದು ಇದರಿಂದಲೇ. ಗ್ರಂಥಗಳಿಂದ ಕಟ್ಟಿಕೊಂಡ ತಮ್ಮ ನಂಬಿಕೆಗಳನ್ನು ಎರಡನೆಯ ಸಲ ಪರೀಕ್ಷಿಸದೆ ಧರಿಸಿ ನಡೆಯುವವರು ವಿದ್ಯಾವಂತರ ಮನೆಗಳಲ್ಲಿಯೂ ವಿರಳರಲ್ಲ. ಅವರು ಈ ಅಧ್ಯಾಯವನ್ನು ನಿಧಾನವಾಗಿ ಓದಬೇಕು.