ಭಾನುವಾರದ ಸೈಟು, ಸೋಮವಾರದ ಕಾಗದ

ಬೆಂಗಳೂರಿನ ಕಚೇರಿಗಳಲ್ಲಿ ಊಟದ ಹೊತ್ತಿಗೆ ತಪ್ಪದೆ ಏಳುವ ಮಾತೊಂದಿದೆ: ‘ಎಲ್ಲಾದರೂ ಒಂದು ಸೈಟ್ ಮಾಡಿಟ್ಟಿದ್ದೀರಾ?’ ಇಲ್ಲ ಎಂದವರನ್ನು ಉಳಿದವರು ಕನಿಕರದಿಂದ ನೋಡುತ್ತಾರೆ. ಕೆಲಸ ಬಿಡದೆ, ತಿಂಗಳ ಸಂಬಳದ ಬಲದಲ್ಲೇ ಜಾಗದ ಮೇಲೆ ಹಣ ಹೂಡುವುದು ನಮ್ಮ ಮಧ್ಯಮವರ್ಗದ ಒಂದು ಸಂಪ್ರದಾಯವೇ ಆಗಿದೆ. ಅದನ್ನು ಹೊಗಳುವವರು ಬೇಕಷ್ಟಿದ್ದಾರೆ, ತೂಗಿ ನೋಡುವವರು ಕಡಿಮೆ.

ಕಳೆದ ವರ್ಷ ಸಹೋದ್ಯೋಗಿಯೊಬ್ಬರ ಜೊತೆ ದೊಡ್ಡಬಳ್ಳಾಪುರದ ಕಡೆ ಇಂಥ ಒಂದು ಜಾಗ ನೋಡಲು ಹೋಗಿದ್ದೆ. ಭಾನುವಾರ. ಮನೆ ಬಾಗಿಲಿಗೇ ಮಾರುವವರ ಕಾರು ಬಂತು. ಅಲ್ಲಿ ಶಾಮಿಯಾನ, ಬಾಳೆಲೆ ಊಟ. ರಾಗಿ ಕೊಯ್ದ ಕೂಳೆ ಇನ್ನೂ ನಿಂತಿದ್ದ ಹೊಲದಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟು, ಮೂವತ್ತು-ನಲವತ್ತರ ಅಳತೆಗೆ ನಂಬರು ಬರೆದಿದ್ದರು. ‘ಇವತ್ತು ಎರಡು ಲಕ್ಷ ಟೋಕನ್ ಕೊಟ್ಟರೆ ಮಾತ್ರ ಈ ರೇಟು’ ಎಂದರು. ಸಹೋದ್ಯೋಗಿ ಕಾಗದಪತ್ರ ಕೇಳಿದರು. ‘ಎಲ್ಲ ಕ್ಲಿಯರ್ ಇದೆ ಮೇಡಂ, ಸೋಮವಾರ ಆಫೀಸಿಗೆ ಬನ್ನಿ.’ ಸೋಮವಾರ ಅವರಿಗೆ ಕೆಲಸ.

ಈ ಪದ್ಧತಿಯ ಮೂಲ ದೋಷ ಇಲ್ಲೇ ಇದೆ. ನೌಕರಿಯಲ್ಲಿರುವವರಿಗೆ ಬಿಡುವಿರುವುದು ಭಾನುವಾರ. ಜಾಗ ತೋರಿಸುವವರು ಅಂದೇ ತೋರಿಸುತ್ತಾರೆ. ಆ ಜಾಗದ ನಿಜ ಹೇಳುವ ತಾಲೂಕು ಕಚೇರಿ, ಸರ್ವೆ ಇಲಾಖೆ, ವಕೀಲರ ಕಚೇರಿಗಳಲ್ಲಿ ಕೆಲಸ ನಡೆಯುವುದು ನಾವು ನಮ್ಮ ಕಚೇರಿಯಲ್ಲಿರುವ ಹೊತ್ತಿಗೆ. ಹೀಗಾಗಿ ಹತ್ತಾರು ಜಾಗ ನೋಡಿದವರೂ ಒಂದು ಪಹಣಿಯನ್ನು ಪೂರ್ತಿ ಓದಿರುವುದಿಲ್ಲ.

ಪದ್ಧತಿಯ ಗುಣವನ್ನೂ ಹೇಳಬೇಕು. ತಿಂಗಳು ತಿಂಗಳು ಬರುವ ಸಂಬಳವೇ ಬ್ಯಾಂಕಿನ ಕಣ್ಣಿಗೆ ದೊಡ್ಡ ಭದ್ರತೆ. ವ್ಯಾಪಾರಿಗೆ ಸಿಗಲು ಕಷ್ಟವಾಗುವ ಸಾಲ ನೌಕರರಿಗೆ ಸಂಬಳದ ಚೀಟಿಯ ಮೇಲೆ ಸಿಗುತ್ತದೆ. ಕಂತು ಕಟ್ಟಲೇಬೇಕಾದ್ದರಿಂದ ಉಳಿತಾಯವೂ ತಾನಾಗಿ ಆಗುತ್ತದೆ. ಚೀಟಿ ನಡೆಸುವವನು ಓಡಿಹೋಗಬಹುದು, ಭೂಮಿ ಓಡಿಹೋಗುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಮಾತು ನಿಜ. ಆದರೆ ಭೂಮಿ ಇದ್ದಲ್ಲೇ ಇದ್ದರೂ ಅದರ ಮೇಲಿನ ಹಕ್ಕು ಕೈತಪ್ಪಬಲ್ಲದು.

ಅದು ಹೇಗೆ ಕೈತಪ್ಪುತ್ತದೆಂದು ತಿಳಿಯಲು ಕಾನೂನಿನ ಪಾಂಡಿತ್ಯ ಬೇಕಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಭೂಪರಿವರ್ತನೆ ಆಗದ ಹೊಲದಲ್ಲಿ ಕಲ್ಲು ನೆಟ್ಟು ಮಾರಿದರೆ ಅದು ರೆವಿನ್ಯೂ ಸೈಟು. ಕಡಿಮೆ ದರಕ್ಕೆ ಸಿಗುತ್ತದೆ, ಆದರೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ಮನೆಯ ನಕ್ಷೆಗೆ ಮಂಜೂರಾತಿ ಸಿಗುವುದು ಕಷ್ಟ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾಗಿದ್ದರೆ, 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯ ನಂತರ ಅದನ್ನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಅದು ನ್ಯಾಯವಾದದ್ದೇ, ಆ ಭೂಮಿ ಕಳೆದುಕೊಂಡ ಕುಟುಂಬಗಳಿಗೆ ಬೇರೆ ದಾರಿಯಿರಲಿಲ್ಲ. ಆದರೆ ವಿಚಾರಿಸದೆ ಕೊಂಡವರು ಆಮೇಲೆ ಯಾರನ್ನೂ ದೂರುವಂತಿಲ್ಲ.

ನನ್ನ ಸಹೋದ್ಯೋಗಿ ಎರಡು ದಿನ ರಜೆ ಹಾಕಿದರು. ಮೂಲಪತ್ರಗಳ ನಕಲು ತೆಗೆಸಿ, ಮೂವತ್ತು ವರ್ಷದ ಋಣಭಾರ ಪತ್ರ (ಇ.ಸಿ.) ಜೊತೆಗಿಟ್ಟು ವಕೀಲರಿಗೆ ಕೊಟ್ಟರು. ಇ.ಸಿ.ಯಲ್ಲಿ ತೊಡಕು ಕಾಣಲಿಲ್ಲ. ಕಾಣುವುದು ಹೇಗೆ? ಅದು ತೋರಿಸುವುದು ನೋಂದಣಿಯಾದ ವ್ಯವಹಾರವನ್ನಷ್ಟೇ. ತೊಡಕು ಇದ್ದದ್ದು ವಂಶವೃಕ್ಷದಲ್ಲಿ. ಅದರಲ್ಲಿ ಮೂರು ಗಂಡುಮಕ್ಕಳ ಹೆಸರಿತ್ತು. ಊರಿನ ಟೀ ಅಂಗಡಿಯಲ್ಲಿ ವಿಚಾರಿಸಿದಾಗ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆಂದು ಗೊತ್ತಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ. ಅದು ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂಬ ನಿಬಂಧನೆ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆ ಹೆಣ್ಣುಮಕ್ಕಳ ಸಹಿ ಬೇಕೆಂದು ಕೇಳಿದ್ದಕ್ಕೆ ‘ಅವರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ’ ಎಂಬ ಉತ್ತರ ಬಂತು. ಸಹೋದ್ಯೋಗಿ ಟೋಕನ್ ಕೊಡಲಿಲ್ಲ.

ಎರಡನೆಯ ದೋಷ ಲೆಕ್ಕದ್ದು. ‘ಹತ್ತು ವರ್ಷದಲ್ಲಿ ಎರಡರಷ್ಟಾಯಿತು’ ಎನ್ನುವವರು ಕಟ್ಟಿದ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನಲವತ್ತು ಲಕ್ಷ ಸಾಲ, ಶೇ. 8.5 ಬಡ್ಡಿ, ಇಪ್ಪತ್ತು ವರ್ಷ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 34,700 ರೂಪಾಯಿ, ಒಟ್ಟು ಕಟ್ಟುವುದು 83 ಲಕ್ಷಕ್ಕೂ ಹೆಚ್ಚು. ಖಾಲಿ ಸೈಟಿಗೆ ಬಾಡಿಗೆ ಬರುವುದಿಲ್ಲ, ಮನೆ ಕಟ್ಟದ ಹೊರತು ಬಡ್ಡಿಗೆ ತೆರಿಗೆ ವಿನಾಯಿತಿಯೂ ಇಲ್ಲ. ಫ್ಲ್ಯಾಟ್ ಕೊಂಡರೆ ಬಾಡಿಗೆ ಬರುತ್ತದೆ, ಆದರೆ ಕಂತಿನ ಅರ್ಧವೂ ಅದರಿಂದ ತುಂಬದಿರಬಹುದು. ಉಳಿದದ್ದು ಪ್ರತಿ ತಿಂಗಳೂ ಸಂಬಳದಿಂದಲೇ ಹೋಗಬೇಕು. ಕೆಲಸ ಹೋದರೆ ಆರು ತಿಂಗಳ ಕಂತು ಕಟ್ಟುವಷ್ಟು ಹಣ ಬೇರೆ ಇಟ್ಟಿಲ್ಲದವರು ಜಾಗಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಕಾನೂನು ನಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ. 2017ರಿಂದ ಪೂರ್ಣವಾಗಿ ಜಾರಿಯಲ್ಲಿರುವ ರೇರಾ ಕಾಯ್ದೆಯಡಿ, 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯನ್ನು ನೋಂದಣಿಯಿಲ್ಲದೆ ಜಾಹೀರಾತು ಮಾಡುವಂತೆಯೂ ಇಲ್ಲ. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಪಹಣಿ, ಮ್ಯುಟೇಷನ್ ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ, ಇ.ಸಿ. ‘ಕಾವೇರಿ’ ಜಾಲತಾಣದಲ್ಲಿ ರಾತ್ರಿ ಹತ್ತಕ್ಕೂ ನೋಡಲು ಸಿಗುತ್ತವೆ. ಬಿಡುವೇ ಇಲ್ಲದವರಿಗೆ ರೀಟ್ (ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್) ಇದೆ. ದೇಶದ ಮೊದಲ ರೀಟ್ ಆದ ಎಂಬಸಿ ಆಫೀಸ್ ಪಾರ್ಕ್ಸ್ 2019ರಲ್ಲಿ ಷೇರುಪೇಟೆಗೆ ಬಂತು. ನಾಗವಾರದ ಮಾನ್ಯತಾ ಪಾರ್ಕಿನ ಬಾಡಿಗೆಯಲ್ಲಿ ಸಣ್ಣ ಹೂಡಿಕೆದಾರರಿಗೂ ಅದು ಒಂದು ಪಾಲು ಕೊಡುತ್ತದೆ. ಅದರ ಬೆಲೆ ಏರಿಳಿಯುತ್ತದೆ, ಅದರಲ್ಲಿ ಮನೆ ಕಟ್ಟಲಾಗದು. ಆದರೆ ಅದಕ್ಕೆ ವಂಶವೃಕ್ಷ ಹುಡುಕಬೇಕಿಲ್ಲ.

ಒಟ್ಟಿನಲ್ಲಿ, ಕೆಲಸದಲ್ಲಿದ್ದುಕೊಂಡೇ ಜಾಗಕ್ಕೆ ಹಣ ಹಾಕುವುದು ತಪ್ಪಲ್ಲ. ನಾವು ಅದನ್ನು ಮಾಡುತ್ತಿರುವ ಕ್ರಮ ತಪ್ಪು. ಇಪ್ಪತ್ತು ವರ್ಷದ ದುಡಿಮೆಯನ್ನು ಒತ್ತೆಯಿಡುವ ನಿರ್ಧಾರವನ್ನು ಒಂದು ಊಟದ ಹೊತ್ತಿನಲ್ಲಿ ಮಾಡುತ್ತೇವೆ. ಊರಿನ ಮದುವೆಗೆ ಹಾಕುವಷ್ಟು ರಜೆಯನ್ನೂ ಅದಕ್ಕೆ ಹಾಕುವುದಿಲ್ಲ. ನಾವು ಕೊಳ್ಳುವ ಮೂವತ್ತು-ನಲವತ್ತು ಯಾರದೋ ಅನ್ನದ ಹೊಲವಾಗಿತ್ತು, ಅದರಲ್ಲಿ ಯಾರೋ ಹೆಣ್ಣುಮಗಳ ಪಾಲಿದೆ. ಅದನ್ನು ವಿಚಾರಿಸುವುದು ನಮ್ಮ ಹಣದ ರಕ್ಷಣೆಗೆ ಮಾತ್ರವಲ್ಲ, ಅವರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ ಕೂಡ.

ಸಹೋದ್ಯೋಗಿ ಇನ್ನೂ ಏನನ್ನೂ ಕೊಂಡಿಲ್ಲ. ಭಾನುವಾರ ಜಾಗ ನೋಡಲು ಹೋಗುವುದನ್ನು ನಿಲ್ಲಿಸಿದ್ದಾರೆ. ಈಗ ಅವರು ಮೊದಲು ಸರ್ವೆ ನಂಬರು ಕೇಳುತ್ತಾರೆ, ಕಾಗದ ಓದುತ್ತಾರೆ, ಸರಿ ಕಂಡರೆ ಮಾತ್ರ ಜಾಗಕ್ಕೆ ಹೋಗುತ್ತಾರೆ.